ಎಲ್ಲ ನಿಬಂಧಕ್ಕೂ ಒಂದೇ ಪೀಠಿಕೆ

ಹೊಸದಾಗಿ ಮಾಸ್ತರಿಕೆಗೆ ಸೇರಿದವರು ಆಗಾಗ ನನ್ನ ಹತ್ತಿರ ಬಂದು, ‘ಸರ್, ಮಕ್ಕಳಿಂದ ನಿಬಂಧ ಬರೆಸುವುದರಲ್ಲಿ ನೀವು ಹೆಸರಾದವರು, ನಮಗೂ ಒಂದಿಷ್ಟು ಹೇಳಿರಿ’ ಎನ್ನುತ್ತಾರೆ. ಹೆಸರಾದದ್ದು ನಿಜ. ಯಾವುದಕ್ಕೆ ಹೆಸರಾದೆ ಎಂಬುದನ್ನು ಸಿಂದಗಿ ಕಡೆಯ ಹಳಬರು ಸಿಕ್ಕರೆ ಅವರೇ ಹೇಳುತ್ತಾರೆ, ಹೇಳಿ ನಗುತ್ತಾರೆ. ಅವರು ನಗುವ ಮೊದಲು ನಾನೇ ಬರೆದುಬಿಡುವುದು ಒಳ್ಳೆಯದು. ನನ್ನ ಬಡತಿ, ಬದಲಿ, ಪಗಾರದ ಸುದ್ದಿ ಇದರಲ್ಲಿಲ್ಲ. ಒಂದು ಬರಹದ ಮೊದಲ ನಾಲ್ಕು ಸಾಲು ಯಾಕಿರುತ್ತವೆ ಎಂಬುದನ್ನು ನಾನು ಎಷ್ಟು ತಡವಾಗಿ ಕಲಿತೆ, ಆ ತಡಕ್ಕೆ ಬೇರೆಯವರು ಏನು ತೆತ್ತರು ಎಂಬುದಷ್ಟೇ ಇದೆ.

ನಾನು ಮೊದಲು ಹಾಜರಾದದ್ದು ಇಂಡಿಯಲ್ಲಿ. ಆಗ ನಾವಿನ್ನೂ ಮುಂಬಯಿ ರಾಜ್ಯದವರು. ಟ್ರೇನಿಂಗ್ ಮುಗಿಸಿ ಹೊಸ ಧೋತರ ಉಟ್ಟು ಕರಿ ಟೊಪ್ಪಿಗೆ ಹಾಕಿಕೊಂಡು ಹೋಗಿದ್ದೆ. ಪಾಠಕ್ಕೆ ಐದು ಮೆಟ್ಟಿಲು ಎಂದು ಟ್ರೇನಿಂಗಿನಲ್ಲಿ ಕಲಿಸಿದ್ದರು. ಮೊದಲ ಮೆಟ್ಟಿಲೇ ಪೀಠಿಕೆ. ಮಕ್ಕಳಿಗೆ ಗೊತ್ತಿರುವುದನ್ನೇ ಪ್ರಶ್ನೆ ಕೇಳಿ ಕೇಳಿ ಹೊರಗೆ ತೆಗೆಯಬೇಕು, ತೆಗೆಯುತ್ತ ತೆಗೆಯುತ್ತ ಅವರನ್ನು ಇವತ್ತಿನ ವಿಷಯದ ಬಾಗಿಲಿಗೆ ತಂದು ನಿಲ್ಲಿಸಬೇಕು. ವಿಷಯದ ಹೆಸರು ಮಾತ್ರ ಮಾಸ್ತರನ ಬಾಯಿಂದ ಮೊದಲು ಬರಕೂಡದು, ಮಕ್ಕಳ ಬಾಯಿಂದಲೇ ಬರಬೇಕು. ಕಾಗದದ ಮೇಲೆ ಇದು ಬಹಳ ಚೆಂದ ಕಾಣುತ್ತಿತ್ತು.

ಅಲ್ಲಿನ ಹೆಡ್ ಮಾಸ್ತರರು ಜೋಶಿಯವರು. ಮನೆಯಲ್ಲಿ ಮರಾಠಿ, ಸಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಬಂದ ಹೊಸದರಲ್ಲಿ ಒಂದು ದಿನ ನನ್ನ ಪಾಠ ನೋಡಲು ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಪಾಠ ಸೂರ್ಯನ ಮೇಲೆ. ನಾನು ಪೀಠಿಕೆ ಶುರುಮಾಡಿದೆ.

‘ಮುಂಜಾನೆ ಎದ್ದ ಕೂಡಲೆ ನಿಮಗ ಮೊದಲ ಏನು ಕಾಣಸ್ತದ?’

‘ನಮ್ಮವ್ವ ಕಾಣತಾಳ್ರಿ.’

‘ಅವ್ವನ್ನ ಬಿಡ್ರಿ. ಹೊರಗ ಬಂದ ಮ್ಯಾಲೆ?’

‘ಎಮ್ಮಿರಿ.’

‘ಮ್ಯಾಲೆ ನೋಡಿದ್ರ?’

‘ಬೇವಿನ ಗಿಡರಿ.’

‘ಇನ್ನೂ ಮ್ಯಾಲೆ?’

‘ಕಾಗಿರಿ!’

ಕಾಗೆ ಬಂದದ್ದೇ ತಡ, ಒಬ್ಬ ತನ್ನ ಕೈಯೊಳಗಿನ ರೊಟ್ಟಿ ಕಾಗೆ ಕಸಿದುಕೊಂಡು ಹೋದದ್ದನ್ನು ಹೇಳಿದ, ಇನ್ನೊಬ್ಬ ಅವನ ತಲೆಗೇ ಕುಕ್ಕಿದ್ದನ್ನು ಹೇಳಿದ, ಮೂರನೆಯವನು ಮನೆಯ ಮಾಳಿಗೆಯ ಮೇಲೆ ಕಾಗೆ ಕೂಗಿದರೆ ಯಾರು ಬರುತ್ತಾರೆಂದು ಹೇಳಿದ. ನಾನು ಎಷ್ಟು ಕೈ ಮೇಲೆತ್ತಿದರೂ ಅವರು ಕಾಗೆಯಿಂದ ಮೇಲೆ ಹತ್ತಲಿಲ್ಲ. ಗಂಟೆ ಹೊಡೆಯಿತು. ಆ ದಿನ ನನ್ನ ವರ್ಗದಲ್ಲಿ ಸೂರ್ಯ ಹುಟ್ಟಲೇ ಇಲ್ಲ.

ಜೋಶಿಯವರು ಎದ್ದು ಬಂದು ಮಕ್ಕಳ ಮುಂದೆಯೇ ಅಂದರು: ‘ಕುಲಕರ್ಣಿ, ಮಂದೀನ್ನ ಊಟಕ್ಕ ಕರದು ಕೈ ತೊಳಸೂದ್ರಾಗ ಹೊತ್ತು ಮುಳಗಿಸಿದ್ರಲ್ಲಾ. ಎಲಿ ಯಾವಾಗ ಹಾಕಾವರು?’

ಮಕ್ಕಳು ಹೋ ಎಂದು ನಕ್ಕರು. ನನಗೆ ಕಿವಿಯವರೆಗೂ ಬೆಂಕಿ ಹತ್ತಿದಂತಾಯಿತು. ಅವತ್ತಿನಿಂದ ನಾನು ಪೀಠಿಕೆ ಬಿಟ್ಟು ನೇರ ಪಾಠಕ್ಕೇ ಇಳಿಯತೊಡಗಿದೆ. ಪಾಠದ ಪೀಠಿಕೆಯ ಭಯ ಹಾಗೇ ಬೆಳೆದು ನಿಬಂಧದ ಪೀಠಿಕೆಗೂ ಹಬ್ಬಿತು.

ಜೋಶಿಯವರು ಕೆಟ್ಟವರಲ್ಲ. ನನ್ನ ಮುಖ ನೋಡಿ ಮರುಕ ಬಂತೋ ಏನೋ, ಒಂದು ಸಂಜೆ ಕರೆದು ಕೂಡಿಸಿಕೊಂಡು ಉಪಾಯ ಹೇಳಿದರು. ‘ಹುಡುಗರಿಗೆ ಪೀಠಿಕಿ ಕಲಸಬ್ಯಾಡ್ರಿ. ಪೀಠಿಕಿ ಕೊಟ್ಟುಬಿಡ್ರಿ. ಪರೀಕ್ಷಕನ ಮುಂದ ಗಂಟುಗಟ್ಟಲೆ ಪೇಪರ್ ಇರ್ತಾವ. ಮೊದಲಿನ ನಾಕು ಸಾಲು ಘನವಾಗಿ ಕಂಡ್ರ ಸಾಕು, ಗುಣ ಹಾಕಿ ಮುಂದ ಹೋಗ್ತಾನ.’ ತಾವು ಚಿಕ್ಕಂದಿನಲ್ಲಿ ಮರಾಠಿಯಲ್ಲಿ ಬಾಯಿಪಾಠ ಮಾಡಿದ್ದ ಒಂದು ಪೀಠಿಕೆಯನ್ನು ಹೇಳಿ ತೋರಿಸಿದರು. ನಾನು ಅದನ್ನು ಕನ್ನಡಕ್ಕೆ ಇಳಿಸಿದೆ. ಅದು ಹೀಗಿತ್ತು:

‘ಪರಮಾತ್ಮನು ಸೃಷ್ಟಿಸಿದ ಈ ವಿಶಾಲವಾದ ಜಗತ್ತಿನಲ್ಲಿ ಅನೇಕಾನೇಕ ವಸ್ತುಗಳುಂಟು. ಒಂದೊಂದಕ್ಕೂ ತನ್ನದೇ ಆದ ಮಹತ್ವವಿರುವುದು. ಅವುಗಳಲ್ಲಿ ಇಂಥದು ಅತ್ಯಂತ ಉಪಯುಕ್ತವಾದುದು. ಇದರ ಮಹಿಮೆಯನ್ನು ಎಷ್ಟು ವರ್ಣಿಸಿದರೂ ಕಡಿಮೆಯೇ ಸರಿ.’

‘ಇಂಥದು’ ಎನ್ನುವ ಕಡೆ ಎತ್ತು, ಆಕಳು, ಅಂಚೆ, ಜೋಳ, ಏನು ಬೇಕಾದರೂ ಕೂಡಿಸಬಹುದು. ನನಗೆ ಅದನ್ನು ಬರೆದು ಮುಗಿಸಿದಾಗ ಎಷ್ಟು ಸಮಾಧಾನವಾಯಿತೆಂದರೆ, ಅವತ್ತು ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಮುದ್ದೇಬಿಹಾಳಕ್ಕೆ ಬದಲಿಯಾದ ಮೇಲೆ ಈ ಪೀಠಿಕೆ ನನ್ನ ಕೈ ಹಿಡಿಯಿತು. ಏಳನೆಯ ಇಯತ್ತೆಯ ಮಕ್ಕಳು ಮುಲ್ಕಿ ಪರೀಕ್ಷೆಗೆ ಕೂಡುತ್ತಿದ್ದರು. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆ, ಊರ ಲೆಕ್ಕದ ತಲಾಠಿಕೆ ಸಿಗುತ್ತಿದ್ದ ಕಾಲ ಅದು, ಹಳ್ಳಿಯ ಮಂದಿಗೆ ಅದೇ ದೊಡ್ಡ ಪರೀಕ್ಷೆ. ನಾನು ದಿನಾ ಮುಂಜಾನೆ ಪ್ರಾರ್ಥನೆ ಮುಗಿದ ಮೇಲೆ ಪೀಠಿಕೆ ಹೇಳಿಸುತ್ತಿದ್ದೆ. ಮಗ್ಗಿ ಹೇಳಿದ ಹಾಗೆ ರಾಗ ಹಾಕಿ ಹೇಳುತ್ತಿದ್ದರು. ನನ್ನ ಹುಡುಗರು ಸಾಲಾಗಿ ಪಾಸಾದರು. ‘ಪೀಠಿಕಿ ಮಾಸ್ತರ’ ಎಂದು ಹೆಸರು ಬಿತ್ತು. ನಾನು ಆ ಹೆಸರಿಗೆ ಉಬ್ಬಿ ಹೋದೆ.

ಅಲ್ಲಿ ಒಂದು ಎಚ್ಚರಿಕೆ ಸಿಕ್ಕಿತ್ತು, ನಾನು ತೆಗೆದುಕೊಳ್ಳಲಿಲ್ಲ. ಒಬ್ಬ ಮುದುಕಿ ಸಂತೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಎಮ್ಮೆ ಕರು ಹಾಕಿದೆ, ಗಿಣ್ಣ ತಿನ್ನಲು ಬಾ ಎಂದು ಮಗಳಿಗೆ ಕಾರ್ಡು ಬರೆಯಲು ನನ್ನ ವಿದ್ಯಾರ್ಥಿಯೊಬ್ಬನಿಗೆ ಹೇಳಿದ್ದಳಂತೆ. ಅವನು ಪರಮಾತ್ಮನಿಂದ ಶುರುಮಾಡಿ ಎಮ್ಮೆಯ ಮಹಿಮೆಯವರೆಗೆ ಬರುವಷ್ಟರಲ್ಲಿ ಕಾರ್ಡು ತುಂಬಿತ್ತು. ಕರುವಿಗೂ ಗಿಣ್ಣಕ್ಕೂ ಜಾಗವೇ ಉಳಿದಿರಲಿಲ್ಲ.

‘ಕಾರ್ಡ ತುಂಬ ಜಗತ್ತ ಬರದಾನ್ರೀ ಮಾಸ್ತರ. ನನ್ನ ಮಗಳಿಗೆ ಜಗತ್ತ ಗೊತ್ತಿಲ್ಲೇನು? ಆಕಿಗೆ ಗೊತ್ತಾಗಬೇಕಾಗಿದ್ದು ಎಮ್ಮಿ ಈಯ್ದದ್ದು!’

ನಾನು ನಕ್ಕುಬಿಟ್ಟೆ. ಸಾಲೆಯಲ್ಲಿ ಇದನ್ನು ಹೇಳಿ ಉಳಿದ ಮಾಸ್ತರರನ್ನೂ ನಗಿಸಿದೆ. ಓದುವವನಿಗೆ ಏನು ಗೊತ್ತಿಲ್ಲವೋ ಅದನ್ನು ಮೊದಲು ಹೇಳಬೇಕು ಎಂದು ಆ ಮುದುಕಿ ಪೇಟೆಯ ನಡುವೆ ಕೂಗಿ ಹೇಳಿದ್ದಳು. ನನ್ನ ಕಿವಿಯಲ್ಲಿ ಹೊಗಳಿಕೆ ತುಂಬಿತ್ತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಒಂದೆರಡು ವರ್ಷಕ್ಕೆ ನನ್ನನ್ನು ಸಿಂದಗಿ ತಾಲೂಕಿನ ಒಂದು ಹಳ್ಳಿಗೆ ಹಾಕಿದರು. ಯಂಕಂಚಿಯ ದಾರಿಯಲ್ಲಿ ಬಸ್ಸು ಇಳಿದು ನಡೆದು ಹೋಗಬೇಕಾಗಿತ್ತು. ಊರ ಹೆಸರು ಬೇಡ, ಅವರ ತಪ್ಪೇನೂ ಇರಲಿಲ್ಲ. ಆ ಸಾಲೆಯಿಂದ ಅಲ್ಲಿಯವರೆಗೆ ಒಬ್ಬ ಹೆಣ್ಣುಮಗಳೂ ಮುಲ್ಕಿಗೆ ಕೂತಿರಲಿಲ್ಲ. ನಾನು ಹೋದ ವರ್ಷ ಏಳನೆಯ ಇಯತ್ತೆಯಲ್ಲಿ ಹುಸೇನಬಿ ಇದ್ದಳು. ಹತ್ತಿ ಹಿಂಜಿ ಗಾದಿ ಮಾಡುವ ಲಾಲಸಾಬನ ಮಗಳು. ಮಾತು ಕಡಿಮೆ. ಹಿಂದೆ ಗೋಡೆಗೆ ಒರಗಿ ಕೂಡುತ್ತಿದ್ದಳು.

ಮೊದಲ ನಿಬಂಧಕ್ಕೆ ‘ಹತ್ತಿ’ ಎಂದು ವಿಷಯ ಕೊಟ್ಟಿದ್ದೆ. ಉಳಿದವರೆಲ್ಲ ಪರಮಾತ್ಮನಿಂದ ಹೊರಟಿದ್ದರು. ಅವಳು ಬರೆದದ್ದು ಹೀಗೆ: ‘ಹತ್ತಿಯು ಹೊಲದಲ್ಲಿ ಬೆಳೆಯುವುದನ್ನು ನಮ್ಮೂರಲ್ಲಿ ಎಲ್ಲರೂ ನೋಡಿದ್ದಾರೆ. ಅದು ಮನೆಗೆ ಬಂದು ಗಾದಿಯಾಗುವವರೆಗೆ ಏನೇನಾಗುತ್ತದೆ ಎಂಬುದನ್ನು ಎಲ್ಲರೂ ನೋಡಿಲ್ಲ. ನಾನು ಅದನ್ನು ಬರೆಯುತ್ತೇನೆ.’

ನಾನು ಕೆಂಪು ಮಸಿಯಿಂದ ಆ ಮೂರು ಸಾಲನ್ನೂ ಹೊಡೆದು ಹಾಕಿ, ಪಕ್ಕದಲ್ಲಿ ‘ಪೀಠಿಕೆ ಎಲ್ಲಿ?’ ಎಂದು ಬರೆದೆ. ಇವತ್ತು ಅದನ್ನು ಬರೆಯುವಾಗ ಕೈ ನಾಚುತ್ತದೆ. ಓದುವವನಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ, ತಾನು ಎಲ್ಲಿಂದ ಎಲ್ಲಿಯವರೆಗೆ ಹೇಳುತ್ತೇನೆ ಎಂಬುದನ್ನೆಲ್ಲ ಆ ಹುಡುಗಿ ಮೂರು ಸಾಲಿನಲ್ಲಿ ಹೇಳಿ ಮುಗಿಸಿದ್ದಳು. ನಾನು ಅದರಲ್ಲಿ ಪೀಠಿಕೆ ಹುಡುಕುತ್ತಿದ್ದೆ.

ಅವಳು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಬಂದು ಕೇಳಿದಳು. ‘ಗುರುಗಳ, ಇದು ಪೀಠಿಕಿ ಅಲ್ಲೇನ್ರಿ? ಮುಂದ ಏನ ಬರತೈತಿ ಅಂತ ಹೇಳೇನಲ್ರಿ.’

‘ಪೀಠಿಕಿ ಅಂದ್ರ ಭವ್ಯ ಇರಬೇಕವಾ. ನಿಂದು ಸಂತೀಗೆ ಹೋಗಿ ಬಂದ ಸುದ್ದಿ ಆತು. ನಾ ಕೊಟ್ಟದ್ದನ್ನ ಬರಿ.’

ಮುಂದಿನ ಸಲವೂ ತನ್ನದನ್ನೇ ಬರೆದಳು. ಅದನ್ನೂ ಹೊಡೆದು ಹಾಕಿ, ನನ್ನ ಪೀಠಿಕೆಯನ್ನು ಇಪ್ಪತ್ತು ಸಲ ಬರೆದುಕೊಂಡು ಬರಲು ಹೇಳಿದೆ. ಬರೆದುಕೊಂಡು ಬಂದಳು. ಅದಾದ ಮೇಲೆ ಅವಳ ನಿಬಂಧವೂ ಪರಮಾತ್ಮನಿಂದಲೇ ಶುರುವಾಗತೊಡಗಿತು. ನಾನು ‘ಶಾಭಾಸ್’ ಎಂದು ಬರೆದೆ.

ಅವಳಿಗೆ ಮಾಸ್ತರಿಣಿಯಾಗಬೇಕೆಂದು ಆಸೆ. ಹೆಣ್ಣುಮಕ್ಕಳ ಟ್ರೇನಿಂಗಿಗೆ ಮುಲ್ಕಿಯ ಗುಣ, ಅಂದರೆ ಅಂಕ, ನೋಡಿ ಆರಿಸುತ್ತಿದ್ದರು. ಲಾಲಸಾಬ ಒಮ್ಮೆ ನಮ್ಮ ಮನೆಗೆ ಗಾದಿ ಹಿಂಜಲು ಬಂದಾಗ ನನಗೇ ಹೇಳಿದ್ದ.

‘ಸೀಟ ಸಿಕ್ರ ಕಳಸ್ತೇನ್ರೀ ರಾಯರ. ಮಂದಿ ಏನಂದ್ರೂ ಕಳಸ್ತೇನಿ. ಸಿಗಲಿಲ್ಲಂದ್ರ ಇಂಡಿಯೊಳಗ ನಮ್ಮ ಅಕ್ಕನ ಮಗ ಅದಾನ, ಅವರು ಭಾಳ ದಿನದಿಂದ ಕೇಳಾಕತ್ತಾರ. ಹುಡುಗಿ ಗುಣ ನಿಮ್ಮ ಕೈಯಾಗ ಐತಿ ನೋಡ್ರಿ.’

‘ಪೀಠಿಕಿ ಗಟ್ಟಿ ಆಗೇದ. ಚಿಂತಿ ಮಾಡಬ್ಯಾಡ’ ಎಂದು ನಾನು ಹೇಳಿದೆ.

ಆ ವರ್ಷ ಮುಲ್ಕಿ ಪರೀಕ್ಷೆಗೆ ಮಕ್ಕಳನ್ನು ಸಿಂದಗಿಗೆ ಕರೆದುಕೊಂಡು ಹೋದೆ. ಕನ್ನಡ ಪೇಪರು ಮುಗಿಸಿ ಎಲ್ಲರೂ ನಗುತ್ತ ಹೊರಗೆ ಬಂದರು. ನಿಬಂಧದ ವಿಷಯ ‘ನೊಣಗಳಿಂದ ಹರಡುವ ರೋಗಗಳು’. ಪೀಠಿಕೆ ಬರೆದಿರಾ ಎಂದು ಕೇಳಿದೆ. ಎಲ್ಲರೂ ಬರೆದೇವ್ರಿ ಎಂದರು. ನನಗೆ ಆಗಲೂ ಹೊಳೆಯಲಿಲ್ಲ. ರಸ್ತೆಯ ಬದಿಗೆ ಕೂಡಿಸಿ ಎಲ್ಲರಿಗೂ ಚುರುಮುರಿ ಕೊಡಿಸಿದೆ.

ಫಲಿತಾಂಶ ಬಂದಾಗ ತಾಲೂಕಿನ ಎಲ್ಲ ಸಾಲೆಗಳ ಹೆಸರಿದ್ದವು, ನಮ್ಮ ಮಕ್ಕಳದು ತಡೆಹಿಡಿದಿದ್ದರು. ಕಾರಣ ತಿಳಿಯಲು ಹೋದೆ. ನಮ್ಮ ಸಾಲೆಯ ಪೇಪರುಗಳಲ್ಲಿ ಒಂದೇ ಸಾಲುಗಳು ಅಕ್ಷರ ತಪ್ಪದೆ ಬಂದಿದ್ದವು: ‘ಪರಮಾತ್ಮನು ಸೃಷ್ಟಿಸಿದ ಈ ವಿಶಾಲವಾದ ಜಗತ್ತಿನಲ್ಲಿ ಅನೇಕಾನೇಕ ವಸ್ತುಗಳುಂಟು. ಒಂದೊಂದಕ್ಕೂ ತನ್ನದೇ ಆದ ಮಹತ್ವವಿರುವುದು. ಅವುಗಳಲ್ಲಿ ನೊಣವು ಅತ್ಯಂತ ಉಪಯುಕ್ತವಾದುದು. ಇದರ ಮಹಿಮೆಯನ್ನು ಎಷ್ಟು ವರ್ಣಿಸಿದರೂ ಕಡಿಮೆಯೇ ಸರಿ.’ ಆಮೇಲೆ ಕಾಲರಾ, ಭೇದಿ, ಕಣ್ಣುಬೇನೆ. ಒಬ್ಬ ಹುಡುಗ ಹುಚ್ಚನಂತೆ ಬರೆಯಬಹುದು, ಒಂದು ಇಡೀ ಸಾಲೆ ಒಂದೇ ರೀತಿಯ ಹುಚ್ಚನ್ನು ಬರೆಯಬೇಕಾದರೆ ನಕಲು ಆಗಿರಲೇಬೇಕು ಎಂದು ಪರೀಕ್ಷಕರು ಬರೆದಿದ್ದರು. ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ಊರಿಗೆ ಬಂದು ಹೇಳುವುದು ಹೇಗೆ? ಚಾವಡಿಯಲ್ಲಿ ನಾಲ್ಕು ಜನರ ಮುಂದೆ ಗೌಡರು ಕೇಳಿದರು. ‘ಏನ್ರೀ ಮಾಸ್ತರ, ನಮ್ಮ ಹುಡುಗರು ಕಳ್ಳರೇನು? ನಮ್ಮೂರಾಗ ಒಬ್ಬರ ಹೊಲದಾಗಿನ ಜ್ವಾಳದ ಸೀತನಿ ಇನ್ನೊಬ್ಬರು ಮುಟ್ಟೂದಿಲ್ಲ. ಅಂಥಾದ್ರಾಗ ಕಾಪಿ ಅಂತಾರ?’ ನಾನು ತಲೆ ಬಗ್ಗಿಸಿ, ಇದರಲ್ಲಿ ಏನೋ ಗೈರಸಮಜು, ತಪ್ಪು ತಿಳಿವಳಿಕೆ ಆಗಿದೆ ಎಂದೆ. ನನ್ನ ಪೀಠಿಕೆಯ ಸುದ್ದಿ ಎತ್ತಲಿಲ್ಲ. ಲಾಲಸಾಬ ಬಾಗಿಲ ಹೊರಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ.

ಚೌಕಶಿಗೆ, ಅಂದರೆ ವಿಚಾರಣೆಗೆ, ಇನ್‌ಸ್ಪೆಕ್ಟರ್ ಸಾಹೇಬರು ಊರಿಗೇ ಬಂದರು. ಚಹಾ ಕುಡಿಯುವಾಗ ಅವರ ಮುಂದೆ ನಾನು ನಿಜ ಹೇಳಬೇಕಾಯಿತು. ‘ಸಾಹೇಬ್ರ, ಹುಡುಗರು ಕಾಪಿ ಮಾಡಿಲ್ಲ. ಆ ಪೀಠಿಕಿ ನಾನೇ ಕಲಿಸೇನಿ. ಯಾವ ವಿಷಯ ಕೊಟ್ರೂ ಅದನ್ನ ಬರೀತಾರ.’

‘ಯಾವ ವಿಷಯ ಕೊಟ್ರೂ?’ ಅವರು ಚಹಾದ ಬಸಿಯನ್ನು ಕೆಳಗೆ ಇಟ್ಟರು.

‘ಹೌದ್ರಿ.’

‘ಹಂಗಾದ್ರ ಈಗ ನೋಡೇಬಿಡೋಣಂತ. ಬ್ಯಾರೆ ಬ್ಯಾರೆ ಕೂಡಿಸ್ರಿ. ಎಲ್ಲಾರೂ ಹಂಗ ಬರದ್ರ ನಾ ನಂಬ್ತೀನಿ.’ ಆಮೇಲೆ ದನಿ ತಗ್ಗಿಸಿ ಅಂದರು, ‘ಮಾಸ್ತರ, ಇವರಾಗ ಒಬ್ಬರಾದ್ರೂ ಸ್ವಂತ ಬರಿಯೋರು ಇದ್ರ ನನಗ ಖುಷಿ ಆಗ್ತದ. ಅಂಥವರ ನಿಬಂಧ ಮತ್ತೊಮ್ಮೆ ತಪಾಸ ಮಾಡಿಸ್ಲಿಕ್ಕೆ ನಾ ಬರದು ಕಳಸ್ತೀನಿ.’

ಈ ಕೊನೆಯ ಮಾತನ್ನು ಅವರು ನನಗೊಬ್ಬನಿಗೇ ಹೇಳಿದರು. ಮಕ್ಕಳಿಗೆ ಗೊತ್ತಿರಲಿಲ್ಲ.

ಒಬ್ಬನನ್ನು ಬೇವಿನ ಗಿಡದ ಕೆಳಗೆ, ಒಬ್ಬನನ್ನು ಚಾವಡಿಯಲ್ಲಿ, ಒಬ್ಬನನ್ನು ಗುಡಿಯ ಕಟ್ಟೆಗೆ, ಹೀಗೆ ದೂರ ದೂರ ಕೂಡಿಸಿದರು. ಒಬ್ಬೊಬ್ಬರಿಗೆ ಒಂದೊಂದು ವಿಷಯ. ಸಾಹೇಬರು ಬೇಕೆಂದೇ ಕೆಟ್ಟ ವಿಷಯಗಳನ್ನು ಆರಿಸಿದ್ದರು: ಚೇಳು, ಜಾಲಿಮುಳ್ಳು, ಹಲ್ಲುನೋವು, ಕಳ್ಳತನ. ಹುಸೇನಬಿಗೆ ‘ಬೆಂಕಿಯ ಅನಾಹುತ’. ಅವಳನ್ನು ಸಾಲೆಯ ಪಡಸಾಲೆಯಲ್ಲಿ ಕೂಡಿಸಿದ್ದರು. ಕಾಗದ ಕೊಡಲು ನಾನೇ ಹೋದೆ.

ಅವಳು ಟಾಕನ್ನು ಮಸಿಯ ದೌತಿಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡು, ಮೆಲ್ಲಗೆ ಕೇಳಿದಳು. ‘ಗುರುಗಳ, ನಂದ ಬರೀಲ್ಯೋ, ನಿಮ್ದ ಬರೀಲ್ಯೋ?’

ಅವಳು ತನ್ನದನ್ನು ಇನ್ನೂ ಮರೆತಿರಲಿಲ್ಲ. ಬರಿಯವಾ ನಿಂದು ಎಂದರೆ ಮುಗಿದಿತ್ತು. ಸಾಹೇಬರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಆದರೆ ಒಬ್ಬಳು ಬೇರೆ ಬರೆದರೆ, ಉಳಿದವರ ಮೇಲೆ ಸಂಶಯ ಮತ್ತೆ ತಿರುಗಿತು ಎಂದರೇನು ಗತಿ ಎಂದು ಹೆದರಿಕೆಯಾಯಿತು. ಈ ಹೆದರಿಕೆಯನ್ನೇ ನಾನು ಬಹಳ ವರ್ಷ ಕಾರಣವೆಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ಕಾರಣವೂ ಇತ್ತು. ಅವಳ ಪೀಠಿಕೆ ಸಾಹೇಬರ ಕೈಗೆ ಹೋದರೆ, ಇಂಥದನ್ನು ಬರೆಯುವ ಹುಡುಗಿಯಿಂದ ನೊಣದ ಮಹಿಮೆ ಬರೆಸಿದವನು ಯಾರು ಎಂದು ಅವರು ಕೇಳದೆ ಬಿಡುತ್ತಿರಲಿಲ್ಲ.

‘ಎಲ್ಲಾರೂ ಬರದಂಗ ಬರಿ’ ಎಂದೆ.

‘ಹೂಂನ್ರಿ’ ಎಂದಳು. ಬರೆದಳು.

ಸಾಹೇಬರು ಕಾಗದಗಳನ್ನು ಒಂದೊಂದಾಗಿ ಜೋರಾಗಿ ಓದಿದರು. ಚೇಳು ಅತ್ಯಂತ ಉಪಯುಕ್ತವಾದುದು. ಹಲ್ಲುನೋವು ಅತ್ಯಂತ ಉಪಯುಕ್ತವಾದುದು. ಕಳ್ಳತನದ ಮಹಿಮೆಯನ್ನು ಎಷ್ಟು ವರ್ಣಿಸಿದರೂ ಕಡಿಮೆಯೇ ಸರಿ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಬೆಂಕಿಯ ಅನಾಹುತ ಅತ್ಯಂತ ಉಪಯುಕ್ತ ಎಂಬುದು ಕೊನೆಗೆ ಬಂತು. ಅದನ್ನು ಓದುವ ಹೊತ್ತಿಗೆ ಅವರಿಗೆ ನಗಲು ಶಕ್ತಿ ಉಳಿದಿರಲಿಲ್ಲ. ‘ಇವರು ಕಳ್ಳರಲ್ಲ ಬಿಡ್ರಿ’ ಎಂದರು. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಒಬ್ಬರೂ ಇಲ್ಲೇನ್ರೀ ಮಾಸ್ತರ?’ ಎಂದು ಕೇಳಿದರು. ‘ಇಲ್ರಿ’ ಎಂದೆ.

ಎಲ್ಲರೂ ಪಾಸಾದರು. ನಿಬಂಧಕ್ಕೆ ಮಾತ್ರ ಹೇಳಿಕೊಳ್ಳುವಂಥ ಗುಣ ಬೀಳಲಿಲ್ಲ. ಗಂಡುಹುಡುಗರಿಗೆ ಅದರಿಂದ ಏನೂ ಆಗಲಿಲ್ಲ, ಪಾಸೆಂಬುದೇ ಅವರಿಗೆ ಸಾಕಾಗಿತ್ತು. ಟ್ರೇನಿಂಗಿನ ಯಾದಿಯಲ್ಲಿ ಹುಸೇನಬಿಯ ಹೆಸರು ಇರಲಿಲ್ಲ.

ಇದಾದ ಮೇಲೆ ನಾನು ಬಸವನ ಬಾಗೇವಾಡಿಗೆ ಬದಲಿ ಕೇಳಿಕೊಂಡು ಹೋದೆ. ಅಲ್ಲಿ ಪೀಠಿಕೆ ಕಲಿಸಿದ ರೀತಿಯೇ ಬೇರೆ. ಅದನ್ನು ನೀವು ಬೇಕಾದರೆ ತೆಗೆದುಕೊಳ್ಳಿರಿ, ಕೆಲಸಕ್ಕೆ ಬರುತ್ತದೆ. ಪಠ್ಯದಲ್ಲಿ ಉಪ್ಪು, ಅಂಚೆ, ಗಾಳಿಯಂತ್ರ ಹೀಗೆ ತಿಳಿವಳಿಕೆ ಕೊಡುವ ಪಾಠಗಳಿರುತ್ತವಲ್ಲ, ಅವುಗಳ ಮೊದಲ ಪರಿಚ್ಛೇದ ಬಿಟ್ಟು ಉಳಿದದ್ದನ್ನು ಪಾಟಿಯಿಂದ ಮುಚ್ಚಲು ಹೇಳುತ್ತಿದ್ದೆ. ಮೊದಲ ಪರಿಚ್ಛೇದ ಓದಿ, ‘ಮುಂದ ಏನೇನು ಬರ್ತದ? ಏನು ಬರೂದಿಲ್ಲ?’ ಎಂದು ಕೇಳುತ್ತಿದ್ದೆ. ಅವರು ಹೇಳಿದ್ದನ್ನೆಲ್ಲ ಹಲಗೆಯ ಮೇಲೆ ಬರೆದು, ಆಮೇಲೆ ಪಾಟಿ ಸರಿಸಿ ತಾಳೆ ನೋಡುತ್ತಿದ್ದೆವು. ಒಮ್ಮೆ ಒಬ್ಬ ಹುಡುಗ ಸಿಟ್ಟಿಗೆದ್ದ. ‘ಗುರುಗಳ, ಈ ಪಾಠ ಬರದಾವ ಸುಳ್ಳ ಹೇಳ್ಯಾನ್ರಿ. ಉಪ್ಪು ಎಲ್ಲೆಲ್ಲಿ ಸಿಗತೈತಿ ಹೇಳತೇನಿ ಅಂದಾವ, ಸಮುದ್ರದ್ದಷ್ಟ ಹೇಳಿ ಬಿಟ್ಟಾನ!’ ಅವನಿಗೆ ಪೀಠಿಕೆ ಎಂದರೇನೆಂದು ತಿಳಿದಿತ್ತು. ಅದು ಬರೆದವನು ಓದುವವನಿಗೆ ಕೊಟ್ಟ ಮಾತು. ಕೊಟ್ಟ ಮೇಲೆ ನಡೆಸಬೇಕು. ಬರೆಸುವಾಗ ಪೀಠಿಕೆಯನ್ನು ಕೊನೆಗೆ ಬರೆಸುತ್ತಿದ್ದೆ, ತಾನು ಏನು ಹೇಳಿದೆನೆಂದು ಗೊತ್ತಾದ ಮೇಲೆ.

ಈ ಪದ್ಧತಿಯನ್ನು ನೋಡಲು ಬೇರೆ ಸಾಲೆಯವರು ಬರುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಟ್ರೇನಿಂಗಿನಲ್ಲಿ ಎಂದು ಹೇಳುತ್ತಿದ್ದೆ. ಹಸಿ ಸುಳ್ಳು. ಹುಸೇನಬಿ ಇಂಡಿಗೆ ಮದುವೆಯಾಗಿ ಹೋದಳೆಂದು ಕೇಳಿದೆ. ಮತ್ತೆ ನಾನು ಅವಳನ್ನು ನೋಡಲಿಲ್ಲ. ಕೊನೆಯ ಸಲ ನೋಡಿದ್ದು ಸಿಂದಗಿ ಕಡೆಯ ಆ ಊರಲ್ಲೇ, ಬಾಗೇವಾಡಿಗೆ ಹೋಗುವ ಮೊದಲು ನನಗೆ ಸತ್ಕಾರ ಮಾಡಿದ ದಿನ.

ಹೌದು, ಸತ್ಕಾರ. ಊರವರಿಗೆ ನಾನು ಅವರ ಮಕ್ಕಳ ಮೇಲಿನ ಕಳ್ಳತನದ ಆರೋಪ ತೊಳೆದವನು. ಸಾಲೆಯ ಮುಂದೆ ಜಮಖಾನೆ ಹಾಸಿ, ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ಗೌಡರು ತಾವೇ ನನ್ನ ತಲೆಗೆ ರುಮಾಲು ಸುತ್ತಿದರು. ಲಾಲಸಾಬ ತಾನು ಹೊಲಿದ ಹೊಸ ಗಾದಿ ತಂದು ನನ್ನ ಕಾಲ ಹತ್ತಿರ ಇಟ್ಟ. ‘ನನ್ನ ಮಗಳನ್ನ ಕಳ್ಳಿ ಅಂದಿದ್ರು. ನೀವು ಆ ಮಾತ ಅಳಿಸಿದ್ರಿ’ ಎಂದು ಕೈ ಮುಗಿದ. ಯಾದಿ ಬಂದು ಆಗಲೇ ವಾರವಾಗಿತ್ತು. ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ದೈವದಲ್ಲಿ ಇರಲಿಲ್ಲ ಎಂದು ತಿಳಿದಿದ್ದ. ನನಗೆ ಕುರ್ಚಿಯೊಳಗೆ ಮುಳುಗಿ ಹೋಗಬೇಕು ಅನಿಸುತ್ತಿತ್ತು, ರುಮಾಲು ಕಣ್ಣಿನವರೆಗೆ ಜಾರಿದರೆ ಒಳ್ಳೆಯದು ಅನಿಸುತ್ತಿತ್ತು.

ಮಕ್ಕಳ ಪರವಾಗಿ ಯಾರಾದರೂ ಮಾತಾಡಲಿ ಎಂದು ಗೌಡರು ಅಂದರು. ಹುಡುಗರು ನಾಚಿಕೊಂಡು ಒಬ್ಬರ ಹಿಂದೊಬ್ಬರು ಅಡಗಿದರು. ‘ಲಾಲಸಾಬನ ಮಗಳು ಶಾಣ್ಯಾಕಿ ಅದಾಳ, ಬಾರವಾ’ ಎಂದು ಕರೆದರು. ಹುಸೇನಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ನನ್ನ ಕಡೆ ನೋಡಲಿಲ್ಲ. ಜನರ ಕಡೆ ನೋಡಿ, ಸ್ಪಷ್ಟವಾಗಿ ಶುರುಮಾಡಿದಳು.

‘ನಾ ಎರಡು ಮಾತು ಹೇಳಾಕ ಬಂದೇನಿ. ಒಂದು, ಪರೀಕ್ಷಾದಾಗ ನಾವು ಏನು ಮಾಡಲಿಲ್ಲ ಅಂತ. ಎರಡನೇದು, ಚೌಕಶಿ ದಿವಸ ನಾ ಏನು ಬರೀಲಿಲ್ಲ, ಯಾಕ ಬರೀಲಿಲ್ಲ ಅಂತ.’

ಅಲ್ಲಿದ್ದವರಲ್ಲಿ ಆ ಎರಡನೆಯ ಮಾತು ಏನೆಂದು ಗೊತ್ತಿದ್ದವನು ನಾನೊಬ್ಬನೇ.

‘ಪರೀಕ್ಷಾದಾಗ ನಾವ್ಯಾರೂ ಕಾಪಿ ಮಾಡಿಲ್ಲ. ಒಬ್ಬರ ಪೇಪರ್ ಒಬ್ಬರು ನೋಡಿಲ್ಲ. ನಾವು ಕಳ್ಳರಲ್ಲ.’

ಜನ ಹೋ ಎಂದು ಎದ್ದರು. ‘ಭಲೇ!’ ಎಂದರು, ಚಪ್ಪಾಳೆ ಹೊಡೆದರು, ಹಿಂದೆ ನಿಂತವರು ಸೀಟಿ ಹಾಕಿದರು. ಲಾಲಸಾಬನ ಕಣ್ಣಲ್ಲಿ ನೀರು. ಹುಸೇನಬಿ ಗದ್ದಲ ನಿಲ್ಲಲಿ ಎಂದು ಕಾಯುತ್ತ ನಿಂತಳು. ನಿಲ್ಲಲಿಲ್ಲ. ಗೌಡರು ಅವಳ ತಲೆ ಸವರಿ, ‘ಸಾಕವಾ, ಚಲೋ ಹೇಳಿದಿ, ಕುಂದರು’ ಎಂದರು. ಅವಳು ಆಗ ತಿರುಗಿ ನನ್ನನ್ನು ನೋಡಿದಳು. ಎರಡು ಹೇಳುತ್ತೇನೆಂದವಳು ಒಂದನ್ನೇ ಹೇಳಿದ್ದಾಳೆ, ಇನ್ನೊಂದು ಬಾಕಿಯಿದೆ ಎಂದು ಆ ಊರಲ್ಲಿ ಯಾರಾದರೂ ಕೈಯೆತ್ತಿ ನಿಲ್ಲಿಸಿ ಹೇಳಬೇಕಾಗಿದ್ದರೆ ಅದು ನಾನೇ, ನನಗೆ ಪಗಾರ ಕೊಡುತ್ತಿದ್ದದ್ದೇ ಅದಕ್ಕೆ.

ನಾನು ಎಲ್ಲರ ಜೊತೆ ಚಪ್ಪಾಳೆ ಹೊಡೆದೆ. ಅವಳು ಹೋಗಿ ಕೂತುಕೊಂಡಳು.